ಫಲಿತಾಂಶ ಏರಿದರೆ ಕಲಿಕೆಯೂ ಏರಿತೇ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಏರಿದರೆ ಶಾಲೆಗಳು ಸುಧಾರಿಸಿವೆ, ಇಳಿದರೆ ಹದಗೆಟ್ಟಿವೆ ಎಂಬ ನಂಬಿಕೆ ಗಟ್ಟಿಯಾಗಿದೆ. ಜಿಲ್ಲೆಗಳನ್ನು ಮೇಲೆ ಕೆಳಗೆ ಎಂದು ಪಟ್ಟಿ ಮಾಡುವುದೂ ಇದೇ ಆಧಾರದ ಮೇಲೆ. ಕರ್ನಾಟಕದಲ್ಲಿ 2023ರಲ್ಲಿ ಶೇ 83.89 ಇದ್ದ ತೇರ್ಗಡೆ ಪ್ರಮಾಣ 2024ರ ಮೊದಲ ಪರೀಕ್ಷೆಯಲ್ಲಿ ಶೇ 73.40ಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ಪಾಠ ಅಷ್ಟು ಕೆಟ್ಟುಹೋಗಲು ಸಾಧ್ಯವಿಲ್ಲ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದಿತ್ತು. ನಕಲಿನ ಮೇಲೆ ಕಣ್ಣು ಬಿದ್ದಿತ್ತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಹೆಚ್ಚಿಸಿದ ಮೇಲೂ ಉಳಿದ ಅಂಕಿ ಅದು. ಬೇರೆ ಬೇರೆ ಕಾವಲು, ಬೇರೆ ಬೇರೆ ಕೃಪಾಂಕ, ಬೇರೆ ಬೇರೆ ಪ್ರಶ್ನೆಪತ್ರಿಕೆಯಿಂದ ಬಂದ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಶಿಕ್ಷಕರನ್ನು ಹೊಗಳುವುದೂ ತೆಗಳುವುದೂ ಅನ್ಯಾಯ. ಮಂಡಳಿ ಪರೀಕ್ಷೆ ಇರುವುದು ಒಬ್ಬ ವಿದ್ಯಾರ್ಥಿ ಮುಂದಕ್ಕೆ ಹೋಗಬಹುದೇ ಎಂದು ತೀರ್ಮಾನಿಸಲು. ವ್ಯವಸ್ಥೆಯ ಏರಿಳಿತ ಅಳೆಯಲು ಅಲ್ಲ.

ಮಕ್ಕಳೆಲ್ಲ ಶಾಲೆಗೆ ಸೇರಿದರೆ ಅರ್ಧ ಕೆಲಸ ಮುಗಿಯಿತು ಎಂಬುದು ಇನ್ನೊಂದು ನಂಬಿಕೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ಗ್ರಾಮೀಣ ಭಾರತದ ಬೇರೆಯೇ ಚಿತ್ರ ಕೊಡುತ್ತದೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಸ್ವಯಂಸೇವಕರು ಮಗುವನ್ನು ಎದುರಿಗೆ ಕೂರಿಸಿಕೊಂಡು ಒಂದು ಹಾಳೆ ಕೊಡುತ್ತಾರೆ. ಅದರಲ್ಲಿರುವುದು ಅಕ್ಷರ, ಪದ, ನಾಲ್ಕು ಸರಳ ವಾಕ್ಯ, ಕೊನೆಗೆ ಎರಡನೇ ತರಗತಿ ಮಟ್ಟದ ಒಂದು ಕಥೆ, ಅಷ್ಟೇ. 2024ರಲ್ಲಿ 6ರಿಂದ 14 ವರ್ಷದವರಲ್ಲಿ ಶೇ 98.1 ಮಕ್ಕಳು ಶಾಲೆಗೆ ದಾಖಲಾಗಿದ್ದರು. ಐದನೇ ತರಗತಿಯವರಲ್ಲಿ ಆ ಕಥೆ ಓದಬಲ್ಲವರು ಶೇ 48.7 ಮಾತ್ರ. ಎನ್‌ಸಿಇಆರ್‌ಟಿ ನಡೆಸುವ ರಾಷ್ಟ್ರೀಯ ಕಲಿಕಾ ಸಮೀಕ್ಷೆಯ ಅಂಕಿ ಇದಕ್ಕೆ ಹೊಂದದಿದ್ದರೆ ಎರಡರಲ್ಲೊಂದು ಸುಳ್ಳು ಎಂದುಕೊಳ್ಳಬೇಕಿಲ್ಲ. ಎನ್‌ಸಿಇಆರ್‌ಟಿ ಸಮೀಕ್ಷೆ ಶಾಲೆಯೊಳಗೆ, ಅಂದು ಹಾಜರಿದ್ದ ಮಕ್ಕಳನ್ನು ಪರೀಕ್ಷಿಸುತ್ತದೆ. ‘ಅಸರ್’ ಮನೆಗೆ ಹೋಗುವುದರಿಂದ ಗೈರುಹಾಜರಾದವರೂ ಶಾಲೆ ಬಿಟ್ಟವರೂ ಸಿಗುತ್ತಾರೆ.

ನಿರುದ್ಯೋಗ ದರ ಕಡಿಮೆಯಾದರೆ ಓದಿದವರಿಗೆ ತಕ್ಕ ಕೆಲಸ ಸಿಕ್ಕಿದೆ ಎಂಬ ಊಹೆಯೂ ನಿಲ್ಲುವುದಿಲ್ಲ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023–24ರಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ ಶೇ 3.2. ಆದರೆ ಈ ಲೆಕ್ಕದಲ್ಲಿ ವರ್ಷದಲ್ಲಿ 30 ದಿನ ದುಡಿದರೂ ಉದ್ಯೋಗಿ. ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಉದ್ಯೋಗಿಗಳೇ. ಕೆಲಸ ಹುಡುಕದ, ಕೆಲಸಕ್ಕೆ ಸಿದ್ಧರೂ ಇಲ್ಲದವರಂತೂ ನಿರುದ್ಯೋಗಿಗಳ ಪಟ್ಟಿಯಲ್ಲೇ ಇಲ್ಲ. ವ್ಯಾಖ್ಯಾನದಲ್ಲಿ ತಪ್ಪಿಲ್ಲ; ಅದು ಕೆಲಸದ ಗುಣಮಟ್ಟ ಹೇಳುತ್ತದೆ ಎಂದುಕೊಂಡದ್ದೇ ತಪ್ಪು. ಅದಕ್ಕೆ ಕೂಲಿ, ಲಿಖಿತ ಒಪ್ಪಂದ, ಸಂಬಳಸಹಿತ ರಜೆಯ ಕೋಷ್ಟಕಗಳನ್ನು ನೋಡಬೇಕು.

ಕೌಶಲ ತರಬೇತಿಯ ಯಶಸ್ಸನ್ನು ಹಂಚಿದ ಪ್ರಮಾಣಪತ್ರಗಳಿಂದ ಎಣಿಸುವುದೂ ರೂಢಿ. ಕೆಲಸಕ್ಕೆ ಸೇರಿದವರ ಸಂಖ್ಯೆ ಅದಕ್ಕಿಂತ ವಾಸಿ, ಆದರೂ ಸಾಲದು: ಆರು ತಿಂಗಳಾದ ಮೇಲೆ ಎಷ್ಟು ಮಂದಿ ಅಲ್ಲೇ ಉಳಿದರು, ತರಬೇತಿ ಇಲ್ಲದ ಅದೇ ಊರಿನ, ಅದೇ ಓದಿನ ಯುವಕರಿಗಿಂತ ಅವರ ಗಳಿಕೆ ಎಷ್ಟು ಹೆಚ್ಚಿತು ಎಂದು ತಿಳಿದಾಗಲೇ ತರಬೇತಿಯ ಪಾಲು ಎಷ್ಟೆಂದು ಲೆಕ್ಕಕ್ಕೆ ಸಿಗುತ್ತದೆ.