ಹೊಗೆ ಹೆಚ್ಚಾದರೆ ರುಚಿ ಹೆಚ್ಚೇ? ಸ್ಮೋಕರ್ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಅಮೆರಿಕದ ಟೆಕ್ಸಾಸ್‌ನಲ್ಲಿ ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಮಾಂಸ ಸುಡುವುದಲ್ಲ, ಕಟ್ಟಿಗೆಯ ಬಿಸಿ ಹೊಗೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವುದು. ಇದಕ್ಕೆ ಬಳಸುವ ಉಪಕರಣವೇ ಸ್ಮೋಕರ್. ಇದನ್ನು ಕೊಳ್ಳುವವರಲ್ಲಿ ಎರಡು ನಂಬಿಕೆಗಳಿವೆ: ಹೆಚ್ಚು ಹೊಗೆ ಬಂದಷ್ಟೂ ಒಳ್ಳೆಯದು, ಹೊಳೆಯುವ ಹೊಸದು ತುಕ್ಕು ಹಿಡಿದ ಹಳೆಯದಕ್ಕಿಂತ ಮೇಲು. ಎರಡೂ ಪೂರ್ತಿ ನಿಜವಲ್ಲ. ಏಕೆ ಎಂದು ನೋಡೋಣ.

ಗುಣಮಟ್ಟ ಎಂದರೇನು?

ಬ್ರಿಸ್ಕೆಟ್‌ನಂತಹ, ಅಂದರೆ ದನದ ಎದೆಭಾಗದ, ಗಟ್ಟಿ ಮಾಂಸದಲ್ಲಿ ಕೊಲಾಜೆನ್ ಎಂಬ ನಾರಿನಂತಹ ಪ್ರೋಟೀನ್ ಹೆಚ್ಚು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ನಿಧಾನವಾಗಿ ಮೆತ್ತಗಿನ ಜೆಲಾಟಿನ್ ಆಗುತ್ತದೆ. ಇದಕ್ಕೆ ಸಮಯ ಬೇಕು. ಹಾಗಾಗಿ ಸ್ಮೋಕರ್ ಒಳಗೆ 107ರಿಂದ 121 ಡಿಗ್ರಿಯಷ್ಟು ಬಿಸಿ ಗಂಟೆಗಟ್ಟಲೆ ಏರುಪೇರಿಲ್ಲದೆ ಇರಬೇಕು.

ಬಿಸಿಯನ್ನು ಹಿಡಿದಿಡುವುದು ಲೋಹದ ದಪ್ಪ. ಒಂದೆರಡು ಮಿಲಿಮೀಟರ್ ತಗಡು ಗಾಳಿ ಬೀಸಿದರೆ ಸಾಕು, ತಣ್ಣಗಾಗುತ್ತದೆ. ಸುಮಾರು 6 ಮಿಲಿಮೀಟರ್ ಉಕ್ಕು ಬಿಸಿಯಾಗಲು ತಡಮಾಡಿದರೂ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಹೊಸ ತೆಳು ಸ್ಮೋಕರ್‌ಗಿಂತ ಅದೇ ಬೆಲೆಯ ಹಳೆಯ ದಪ್ಪ ಸ್ಮೋಕರ್ ಎಷ್ಟೋ ಸಲ ಮೇಲು.

ಹೊಗೆಯ ಬಣ್ಣ ನೋಡಿ

ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕಟ್ಟಿಗೆಗೆ ಸಾಕಷ್ಟು ಆಮ್ಲಜನಕ ಸಿಗುತ್ತಿಲ್ಲ ಅಥವಾ ಅದು ಹಸಿಯಾಗಿದೆ ಎಂದರ್ಥ. ಅದು ಮಾಂಸಕ್ಕೆ ಕಹಿ ಅಂಟಿಸುತ್ತದೆ. ಚೆನ್ನಾಗಿ ಉರಿಯುವ ಬೆಂಕಿಯ ಹೊಗೆ ತೆಳುವಾಗಿ, ನಸುನೀಲಿಯಾಗಿ ಕಾಣುತ್ತದೆ. ಅದರ ಕಣಗಳು ತೀರಾ ಸಣ್ಣವಾಗಿದ್ದು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಕಟ್ಟಿಗೆಯ ಲಿಗ್ನಿನ್ ಒಡೆದಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್‌ಗಳೇ ಆ ಪರಿಮಳದ ಮೂಲ. ಆದ್ದರಿಂದ ಗಾಳಿ ಒಳಬರುವ ಕಿಂಡಿ ಮತ್ತು ಚಿಮಣಿಯ ಮುಚ್ಚಳ ಸಲೀಸಾಗಿ ಚಲಿಸುತ್ತವೆಯೇ ಎಂದು ನೋಡಿ. ಕತ್ತಲಲ್ಲಿ ಒಳಗೊಂದು ಟಾರ್ಚ್ ಇಟ್ಟರೆ ಎಲ್ಲಿ ಸೋರುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಹಳೆಯದನ್ನು ಪರೀಕ್ಷಿಸುವುದು ಹೇಗೆ?

ಹೊರಮೈಯ ತುಕ್ಕಿಗೆ ಹೆದರಬೇಕಿಲ್ಲ, ತಂತಿ ಬ್ರಷ್‌ನಿಂದ ಉಜ್ಜಿ ಶಾಖ ತಡೆಯುವ ಬಣ್ಣ ಬಳಿದರಾಯಿತು. ಒಳಗೆ ಮಾತ್ರ ಬಣ್ಣ ಬಳಿಯಬೇಡಿ, ಅಡುಗೆ ಎಣ್ಣೆ ಸವರಿ ಕಾಯಿಸಿ. ಬೆಂಕಿಗೂಡಿನ ತಳವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಅಲ್ಲಿ ಉಳಿದ ಬೂದಿ ತೇವ ಹಿಡಿದು ಲೋಹವನ್ನು ತಿನ್ನುತ್ತದೆ. ತಳ ಕುಸಿದರೆ ಕೊಳ್ಳಬೇಡಿ. ಒಳಗೋಡೆಯಿಂದ ಉದುರುವ ಕಪ್ಪು ಪದರ ಸಾಮಾನ್ಯವಾಗಿ ಬಣ್ಣವಲ್ಲ, ಹೊಗೆ ಮತ್ತು ಕೊಬ್ಬಿನ ಗಸಿ, ಕೆರೆದು ತೆಗೆಯಬಹುದು. ಪೆಲೆಟ್ ಬಳಸುವ ವಿದ್ಯುತ್ ಸ್ಮೋಕರ್ ಆದರೆ ನಿಮ್ಮೆದುರೇ ಹೊತ್ತಿಸಿ ತೋರಿಸಲು ಹೇಳಿ. ಸೆರಾಮಿಕ್‌ನದ್ದಾದರೆ ಬಿರುಕು ಹುಡುಕಿ.

ಹೊತ್ತಿಸಿ ನೋಡುವಾಗ ಒಂದು ವಿಷಯ ನೆನಪಿಡಿ. ಮಾಂಸದ ಬಿಸಿ 65–75 ಡಿಗ್ರಿಯ ನಡುವೆ ಗಂಟೆಗಟ್ಟಲೆ ನಿಂತುಬಿಡುವುದುಂಟು. ಅದು ಸ್ಮೋಕರ್‌ನ ದೋಷವಲ್ಲ. ಬೆವರು ಆರಿದಾಗ ಮೈ ತಂಪಾಗುವಂತೆ, ತೇವ ಆವಿಯಾಗಿ ಮಾಂಸವನ್ನು ತಂಪಾಗಿಸುತ್ತಿರುತ್ತದೆ.

ಇಲ್ಲಿ ಮಾತ್ರ ರಾಜಿ ಬೇಡ

ಡ್ರಮ್‌ನಿಂದ ಮಾಡಿದ ಸ್ಮೋಕರ್ ಆದರೆ ಮೊದಲು ಅದರಲ್ಲಿ ಏನಿತ್ತು ಎಂದು ಕೇಳಿ. ರಾಸಾಯನಿಕ ತುಂಬಿದ್ದ ಡ್ರಮ್ ಬೇಡವೇ ಬೇಡ. ಆಹಾರ ತುಂಬಿದ್ದರೂ ಒಳಗಿನ ಎಪಾಕ್ಸಿ ಲೇಪ ಪೂರ್ತಿ ಹೋಗಿರಬೇಕು. ಸತು ಲೇಪಿಸಿದ ತಗಡಿನಲ್ಲಿ ಬೆಂಕಿಗೂಡು ಇರಬಾರದು. ಸತು 419 ಡಿಗ್ರಿಗೆ ಕರಗುತ್ತದೆ. ಅತಿಯಾಗಿ ಕಾದಾಗ ಬರುವ ಅದರ ಹೊಗೆ ಉಸಿರಾಡಿದರೆ ಜ್ವರ, ಚಳಿ ಬರಬಹುದು.

ಮುಚ್ಚಳದ ಥರ್ಮಾಮೀಟರ್ ನಂಬಿ ಊಟಕ್ಕೆ ಕೂರಬೇಡಿ. ಅದು ತೋರಿಸುವುದು ಗಾಳಿಯ ಬಿಸಿಯನ್ನು, ಮಾಂಸದ್ದನ್ನಲ್ಲ. ಕೋಳಿಮಾಂಸದ ಒಳಭಾಗ 74 ಡಿಗ್ರಿ ತಲುಪಿರಬೇಕು. ಅದಕ್ಕೆ ಚುಚ್ಚುವ ಥರ್ಮಾಮೀಟರ್ ಬೇರೆಯೇ ಬೇಕು. ಮಳೆ ಬಂತೆಂದು ಸ್ಮೋಕರನ್ನು ಗ್ಯಾರೇಜಿಗೆ ತಳ್ಳುವುದೂ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಾಗಿಲು ತೆರೆದಿದ್ದರೂ ಅದು ಒಳಗೆ ಸೇರಿಕೊಳ್ಳಬಹುದು.

ಹೊಗೆಯಾಡಿಸಿದ ಮಾಂಸದಲ್ಲಿ ಕ್ಯಾನ್ಸರ್‌ಕಾರಕ ಅಂಶಗಳು ಸ್ವಲ್ಪವಾದರೂ ಇರುತ್ತವೆ. ಕೊಬ್ಬು ನೇರ ಬೆಂಕಿಗೆ ತೊಟ್ಟಿಕ್ಕದ ವಿನ್ಯಾಸ ಅದನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಎಷ್ಟೇ ಒಳ್ಳೆಯ ಸ್ಮೋಕರ್ ಇದ್ದರೂ ಅದು ಅಪರೂಪದ ಊಟಕ್ಕಿರಲಿ, ದಿನನಿತ್ಯಕ್ಕಲ್ಲ.