ಫೋನಿನಲ್ಲಿ ಪಶುವೈದ್ಯರ ಸಲಹೆ: ಕಾನೂನಿನ ಮಿತಿ ಎಲ್ಲಿಯವರೆಗೆ?

ಸುಗ್ಗಿ ಮುಗಿದು ಗಂಗಾವತಿ ಭಾಗದ ಭತ್ತದ ಗದ್ದೆಗಳು ಬರಿದಾದೊಡನೆ ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾರರು ಹಿಂಡುಗಳೊಡನೆ ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶಕ್ಕೆ ಇಳಿಯುವುದು ಹಳೆಯ ರೂಢಿ. ರಾತ್ರಿ ಹಿಂಡು ಗದ್ದೆಯಲ್ಲಿ ತಂಗಿದರೆ ಭೂಮಿಗೆ ಗೊಬ್ಬರ, ಕುರಿಗೆ ಮೇವು, ಕುರಿಗಾರನಿಗೆ ಕಾಳು ಇಲ್ಲವೆ ಹಣ. ಆದರೆ ಹಿಂಡಿಗೆ ಬೇನೆ ಬಂದಾಗ ಪರಿಚಯದ ಪಶುವೈದ್ಯರು ದೂರದ ಊರಿನಲ್ಲಿರುತ್ತಾರೆ. ನಾಲ್ಕಾರು ಕುರಿಗಳ ಮೂಗು ಸೋರುತ್ತಿದೆ, ಬಾಯಿ ಹುಣ್ಣಾಗಿದೆ, ಭೇದಿ ನಿಲ್ಲುತ್ತಿಲ್ಲ ಎಂದಿಟ್ಟುಕೊಳ್ಳೋಣ. ಕುರಿಗಾರ ಫೋಟೋ ತೆಗೆದು ತಮ್ಮೂರ ವೈದ್ಯರಿಗೆ ಕಳಿಸಿ, “ಯಾವ ಔಷಧ ಹಾಕಲಿ?” ಎಂದು ಕೇಳುತ್ತಾನೆ. ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಯಾರಿಗಿದೆ, ಆ ಉತ್ತರದ ಬಲದ ಮೇಲೆ ಏನೇನು ಮಾಡಬಹುದು ಎಂಬುದನ್ನು ಕುರಿಗಾರರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯ.

ಉತ್ತರ ಕೊಡುವವರು ಯಾರು?

ಮನುಷ್ಯರ ವೈದ್ಯರು ಫೋನು, ವಿಡಿಯೋ ಮೂಲಕ ರೋಗಿಗಳಿಗೆ ಸಲಹೆ ನೀಡುವ ಬಗ್ಗೆ 2020ರ ಮಾರ್ಚ್ 25ರಂದು ಕೇಂದ್ರದಲ್ಲಿ ವಿವರವಾದ ಮಾರ್ಗಸೂಚಿ ಹೊರಟಿತು. ಅದು ಮನುಷ್ಯರ ವೈದ್ಯಕೀಯಕ್ಕೆ ಸಂಬಂಧಿಸಿದ್ದು. ದನಕರುಗಳ ಚಿಕಿತ್ಸೆಗೆ ಅದನ್ನು ಆಧಾರವಾಗಿ ಹೇಳುವುದು ತಪ್ಪು. ಪಶುಚಿಕಿತ್ಸೆಗೆ ಮೂಲ ಕಾನೂನು 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಅಧಿನಿಯಮ. ಅದರ 30ನೆಯ ಕಲಮಿನ ಪ್ರಕಾರ ನೋಂದಾಯಿತ ಪಶುವೈದ್ಯರ ಹೊರತು ಬೇರೆ ಯಾರೂ ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ಈ ಕಾನೂನು ಬಂದಾಗ ಹಳ್ಳಿಗಳಲ್ಲಿ ಫೋನೇ ಅಪರೂಪ. ಆದರೂ ನಿಯಮ ಅಂಟಿಕೊಂಡಿರುವುದು ಚಿಕಿತ್ಸೆ ಎಂಬ ಕೆಲಸಕ್ಕೆ. ಆ ಕೆಲಸ ಕೊಟ್ಟಿಗೆಯಲ್ಲಿ ನಡೆಯಿತೋ ಫೋನಿನಲ್ಲಿ ನಡೆಯಿತೋ ಎಂಬುದಕ್ಕಲ್ಲ. ಎದುರಿಗೆ ನಿಂತು ಚಿಕಿತ್ಸೆ ಮಾಡಲು ಹಕ್ಕಿಲ್ಲದವರಿಗೆ ಫೋನಿನಲ್ಲಿ ಮಾಡುವ ಹಕ್ಕು ಬರುವುದಿಲ್ಲ.

ಕುರಿಗಾರರ ವಾಟ್ಸಾಪ್ ಗುಂಪುಗಳಲ್ಲಿ ಈ ಅಂಶ ಬಹುಮಟ್ಟಿಗೆ ಮರೆತುಹೋಗಿದೆ. ಅಲ್ಲಿ ಔಷಧದ ಹೆಸರು, ಪ್ರಮಾಣ ಹೇಳುವವರಲ್ಲಿ ಔಷಧ ಅಂಗಡಿಯವರು, ಕಂಪನಿಯ ಪ್ರತಿನಿಧಿಗಳು, ಅನುಭವಸ್ಥ ಕುರಿಗಾರರು ಎಲ್ಲರೂ ಇರುತ್ತಾರೆ. ಅನುಭವದ ಮಾತನ್ನು ಹಂಚಿಕೊಳ್ಳುವುದು ಬೇರೆ, ಚಿಕಿತ್ಸೆ ಬರೆದುಕೊಡುವುದು ಬೇರೆ. ಮಾತನಾಡುತ್ತಿರುವವರು ಪಶುವೈದ್ಯರೇ ಎಂಬ ಸಂದೇಹ ಬಂದರೆ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಬೇಕು. ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ನಿಜವಾದ ವೈದ್ಯರಿಗೆ ಆ ಸಂಖ್ಯೆ ಹೇಳುವುದರಿಂದ ನಷ್ಟವೇನೂ ಇಲ್ಲ.

ಜಾನುವಾರು ಸಹಾಯಕರ ವಿಷಯದಲ್ಲಿ ಅದೇ ಕಲಮು ಒಂದು ವಿನಾಯಿತಿ ಕೊಟ್ಟಿದೆ. ನಿಗದಿತ ಪ್ರಮಾಣಪತ್ರ ಪಡೆದವರು ರಾಜ್ಯ ಸರಕಾರದ ಆದೇಶದ ಮೇರೆಗೆ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ, ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಸಣ್ಣ ಸೇವೆಗಳನ್ನು ಮಾಡಬಹುದು. ವೈದ್ಯರು ಪಕ್ಕದಲ್ಲಿಯೇ ನಿಂತಿರಬೇಕೆಂದು ಆ ಕಲಮಿನ ಮಾತಿನಲ್ಲಿಲ್ಲ. ಆದುದರಿಂದ ಫೋನು ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿಯೇ: ಕೊಟ್ಟಿಗೆಯಲ್ಲಿ ತರಬೇತಾದ ಸಹಾಯಕರು ಜ್ವರ ಅಳೆದು, ಕಣ್ಣಿನ ಪೊರೆ, ಒಸಡು, ಕೆಚ್ಚಲು ನೋಡಿ ಹೇಳುತ್ತಾರೆ, ಅತ್ತ ಕಡೆಯಿಂದ ವೈದ್ಯರು ನಿರ್ಣಯ ಕೊಡುತ್ತಾರೆ. ಬರಿಯ ಫೋಟೋ ನೋಡಿ ಕೊಟ್ಟ ನಿರ್ಣಯಕ್ಕಿಂತ ಇದು ಎಷ್ಟೋ ಮೇಲು.

ಔಷಧದ ಚೀಟಿ

ಸಲಹೆ ಮಾತಿನಲ್ಲಿ ಸಿಗಬಹುದು. ಔಷಧ ಮಾತಿನಲ್ಲಿ ಸಿಗಬಾರದು. 1945ರ ಔಷಧ ನಿಯಮಗಳ 65ನೆಯ ನಿಯಮವು ಚೀಟಿ ಬೇಕಾದ ಔಷಧಗಳಿಗೆ ಬರವಣಿಗೆಯ, ಸಹಿ ಮತ್ತು ತಾರೀಖು ಇರುವ ಚೀಟಿಯನ್ನೇ ಕೇಳುತ್ತದೆ. ಔಷಧ ಪ್ರಾಣಿಗಾದರೆ ಅದರ ಒಡೆಯನ ಹೆಸರು, ವಿಳಾಸ ಚೀಟಿಯಲ್ಲಿರಬೇಕು. ಒಟ್ಟು ಎಷ್ಟು ಔಷಧ, ಒಂದು ಸಲಕ್ಕೆ ಎಷ್ಟು ಎಂಬುದೂ ಇರಬೇಕು. “ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆ” ಎಂಬ ಮಾತಿಗೆ ಅಂಗಡಿಯವರು ಪ್ರತಿಜೀವಕದ ಬಾಟಲಿ ಕೊಟ್ಟರೆ ಅದು ನಿಯಮಕ್ಕೆ ವಿರೋಧ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮ ವಿದ್ಯುನ್ಮಾನ ಸಹಿಗೆ ಮಾನ್ಯತೆ ಕೊಟ್ಟಿರುವುದು ನಿಜ. ಆದರೆ ಸಂದೇಶದ ಕೊನೆಗೆ ಹೆಸರು ಟೈಪು ಮಾಡಿದ ಮಾತ್ರಕ್ಕೆ ಅದು ಅಂಥ ಸಹಿಯಾಗುವುದಿಲ್ಲ.

ಈ ನಿಯಮ ಬರಿಯ ಕಾಗದದ ಕಟ್ಟುಪಾಡಲ್ಲ ಎಂಬುದು ಹಾಲು ಮಾರುವ ರೈತರಿಗೆ ಬೇಗ ಅರ್ಥವಾಗುತ್ತದೆ. ಕೆಚ್ಚಲು ಬಾವಿಗೆ ಹಾಕಿದ ಪ್ರತಿಜೀವಕ ಹಾಲಿನಲ್ಲಿ ಇಳಿಯುತ್ತದೆ. ಎಷ್ಟು ದಿನ ಹಾಲು ಮಾರಬಾರದೆಂಬುದು ಔಷಧದ ಲೇಬಲಿನ ಮೇಲಿರಬೇಕೆಂದು 2012ರಲ್ಲಿ ನಿಯಮವಾಯಿತು. ಆ ಔಷಧಕ್ಕೆ ಪ್ರತ್ಯೇಕ ಅವಧಿ ಗೊತ್ತುಮಾಡಿರದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕು. ಫೋನಿನಲ್ಲಿ ಔಷಧದ ಹೆಸರು ಹೇಳಿದವರು ಈ ದಿನಗಳ ಲೆಕ್ಕವನ್ನು ಹೇಳುವುದು ವಿರಳ. ರೈತರೇ ಕೇಳಬೇಕು.

ಕೆಲವು ಔಷಧಗಳನ್ನಂತೂ ಯಾವ ವೈದ್ಯರೂ ಬರೆಯುವಂತಿಲ್ಲ. ನೋವಿಗೆ, ಜ್ವರಕ್ಕೆ ಹಿಂದೆ ಧಾರಾಳವಾಗಿ ಹಾಕುತ್ತಿದ್ದ ಡೈಕ್ಲೋಫೆನ್ಯಾಕ್ ಪ್ರಾಣಿಗಳಿಗೆ 2008ರಿಂದ ನಿಷಿದ್ಧ; ಸತ್ತ ದನ ತಿಂದ ರಣಹದ್ದುಗಳು ಅದರಿಂದ ಸಾಯುತ್ತವೆ ಎಂಬುದೇ ಕಾರಣ. 2023ರ ಜುಲೈಯಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನ್ಯಾಕ್, 2024ರ ಕೊನೆಗೆ ನಿಮೆಸುಲೈಡ್ ಅದೇ ಪಟ್ಟಿಗೆ ಸೇರಿದವು. ಹಳೆಯ ಸಂದೇಶಗಳಲ್ಲಿ ಈ ಹೆಸರುಗಳು ಇನ್ನೂ ಉಳಿದಿರಬಹುದು. ಅವುಗಳನ್ನು ನೋಡಿ ಅಂಗಡಿಗೆ ಹೋಗಬಾರದು.

ಫೋನಿನಿಂದ ಆಗದ ಕೆಲಸ

ಪಶುವೈದ್ಯರು ಸಹಿ ಮಾಡಬೇಕೆಂದು ಕಾನೂನು ಕೇಳುವ ಪ್ರಮಾಣಪತ್ರಗಳಿಗೂ 30ನೆಯ ಕಲಮೇ ಅನ್ವಯ. ನೋಡದ ಪ್ರಾಣಿಗೆ ಯಾವ ವೈದ್ಯರೂ ಜವಾಬ್ದಾರಿಯಿಂದ ಸಹಿ ಹಾಕಲಾರರು. ಕುರಿಗಾರರಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲಿಯೇ. ರಾಜ್ಯದ ಅನುಗ್ರಹ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ದೊಡ್ಡ ಕುರಿ, ಮೇಕೆಗೆ ಕೊಡುವ ಪರಿಹಾರವನ್ನು 5,000 ರೂಪಾಯಿಯಿಂದ 7,500ಕ್ಕೆ ಏರಿಸುವುದಾಗಿ 2025-26ರ ಮುಂಗಡಪತ್ರದಲ್ಲಿ ಸಾರಲಾಯಿತು. ಆದರೆ ಸತ್ತ ಪ್ರಾಣಿಯನ್ನು ಪಶುವೈದ್ಯರು ಬಂದು ನೋಡಿ ದೃಢೀಕರಿಸಬೇಕು. ಕುರಿ ಸತ್ತೊಡನೆ ಫೋಟೋ ಕಳಿಸಿ, ಹೂತು, ಹಿಂಡನ್ನು ಮುಂದಿನ ಗದ್ದೆಗೆ ಹೊಡೆದುಕೊಂಡು ಹೋದವನಿಗೆ ಪರಿಹಾರದ ದಾರಿ ಮುಚ್ಚಿತೆಂದೇ ತಿಳಿಯಬೇಕು. ವಿಮೆ ಮಾಡಿಸಿದ ಪ್ರಾಣಿಯಾದರೆ ಕಿವಿಯ ಓಲೆಯನ್ನೂ ಜೋಪಾನ ಮಾಡಬೇಕು.

ನಾಳಕ್ಕೆ ಔಷಧ ಕೊಡುವ ಚಿಕಿತ್ಸೆಗಳೂ ಫೋನಿಗೆ ಸಲ್ಲುವುದಿಲ್ಲ. ಕರು ಹಾಕಿದ ಎಮ್ಮೆ ಹಾಲುಜ್ವರದಿಂದ ಮಲಗಿದಾಗ ಕ್ಯಾಲ್ಸಿಯಂ ಬಾಟಲಿಯನ್ನು ಅವಸರದಿಂದ ನಾಳಕ್ಕೆ ಬಿಟ್ಟರೆ ಹೃದಯ ನಿಂತುಹೋಗುವ ಅಪಾಯವಿದೆ. ಯಲಬುರ್ಗಾ, ಕುಷ್ಟಗಿಯ ಒಣ ಹೊಲಗಳಲ್ಲಿ ಮಳೆ ಕೈಕೊಟ್ಟು ಕುಂಠಿತವಾದ ಜೋಳ ಅಥವಾ ಅದರ ಕುಳೆ ಮೇಯ್ದ ದನಕ್ಕೆ ವಿಷವೇರಿದರೆ ಸಮಯ ನಿಮಿಷಗಳ ಲೆಕ್ಕದಲ್ಲಿರುತ್ತದೆ. ಪ್ರತಿವಿಷವನ್ನು ವೈದ್ಯರೇ ನಾಳಕ್ಕೆ ಕೊಡಬೇಕು. ಇಂಥ ಹೊತ್ತಿನಲ್ಲಿ ಫೋನು ಮಾಡಬೇಕಾದದ್ದು ಸಲಹೆಗಲ್ಲ, ವೈದ್ಯರನ್ನು ಕರೆಸುವುದಕ್ಕೆ. 1962 ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ವಾಹನ ಇರುವುದೂ ಇದಕ್ಕಾಗಿಯೇ. ಸುಮಾರು ಒಂದು ಲಕ್ಷ ಜಾನುವಾರುಗಳಿಗೆ ಒಂದರಂತೆ ಯೋಜಿಸಿದ ಈ ವಾಹನದಲ್ಲಿ ಒಬ್ಬ ಪಶುವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕ ಇರಬೇಕೆಂಬುದು ಕ್ರಮ. ಒಂದು ಲಕ್ಷಕ್ಕೆ ಒಂದು ಎಂದರೆ ಕಾಯಬೇಕಾಗಿ ಬರುವುದೂ ಉಂಟು. ಆದುದರಿಂದ ಹತ್ತಿರದ ಪಶು ಆಸ್ಪತ್ರೆಗೂ ಅದೇ ವೇಳೆಗೆ ಹೇಳಿಕಳಿಸುವುದು ಲೇಸು.

ಅಮೆರಿಕದಂಥ ದೇಶದಲ್ಲಿಯೂ ಈ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಅಲ್ಲಿ ಲೇಬಲಿನಲ್ಲಿ ಹೇಳಿರದ ರೀತಿಯಲ್ಲಿ ಔಷಧ ಬಳಸಬೇಕಾದರೆ ವೈದ್ಯರು ಪ್ರಾಣಿಯನ್ನು ಪರೀಕ್ಷಿಸಿರಬೇಕು ಇಲ್ಲವೆ ಅದನ್ನು ಸಾಕಿರುವ ಸ್ಥಳಕ್ಕೆ ಸಕಾಲದಲ್ಲಿ ಭೇಟಿ ಕೊಟ್ಟಿರಬೇಕೆಂಬುದು ಕೇಂದ್ರದ ನಿಯಮ. ಕ್ಯಾಲಿಫೋರ್ನಿಯ ರಾಜ್ಯವಾದರೋ 2024ರ ಜನವರಿಯಿಂದ, ಕೆಲವು ಕಟ್ಟುಪಾಡುಗಳೊಡನೆ, ವಿಡಿಯೋ ಮೂಲಕವೂ ಹೊಸ ಪ್ರಾಣಿಯ ಚಿಕಿತ್ಸೆ ಆರಂಭಿಸಲು ಒಪ್ಪಿದೆ.

ಸಾಂಕ್ರಾಮಿಕ ಬೇನೆಯ ಸಂಶಯ ಬಂದರೆ

ಮೊದಲು ಹೇಳಿದ ಹಿಂಡಿಗೆ ಮರಳಬಹುದು. ಬಾಯಿ ಹುಣ್ಣು, ಸೋರುವ ಮೂಗು, ಭೇದಿ ಒಟ್ಟಿಗೆ ಕಂಡಾಗ ವೈದ್ಯರಿಗೆ ಮೊದಲು ಬರುವ ಸಂಶಯ ಹಿರೇಬೇನೆ ಎನ್ನುವ ಪಿ.ಪಿ.ಆರ್. ರೋಗದ್ದು. ಅದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಅಧಿನಿಯಮದ ಅನುಸೂಚಿಯಲ್ಲಿದೆ. ಕಾಲುಬಾಯಿ ಬೇನೆ, ಕುರಿ ಸಿಡುಬು, ನೆರಡಿ, 2022ರಲ್ಲಿ ರಾಜ್ಯವನ್ನು ಕಾಡಿದ ಚರ್ಮಗಂಟು ರೋಗ ಇವೂ ಅದರಲ್ಲಿವೆ. ಇಂಥ ರೋಗದ ಸಂಶಯ ಬಂದರೆ ಒಡೆಯನು ಗ್ರಾಮಾಧಿಕಾರಿಗೆ ಇಲ್ಲವೆ ಗ್ರಾಮ ಪಂಚಾಯತಿಗೆ ತಿಳಿಸಬೇಕು, ಬೇನೆ ಬಿದ್ದವನ್ನು ಬೇರ್ಪಡಿಸಬೇಕು. ಊರಿನ ವೈದ್ಯರಿಗೆ ಫೋಟೋ ಕಳಿಸಿದ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ. ಹಿಂಡು ಗಂಗಾವತಿಯ ಗದ್ದೆಯಲ್ಲಿದ್ದರೆ ಅಲ್ಲಿನ ಪಂಚಾಯತಿಗೇ ಸುದ್ದಿ ಮುಟ್ಟಬೇಕು. ಪಕ್ಕದ ಗದ್ದೆಯ ಹಿಂಡನ್ನು ಉಳಿಸಬೇಕಾದವರು ಅಲ್ಲಿನ ವೈದ್ಯರು. ಫೋನು ಎತ್ತಿಕೊಂಡ ಊರಿನ ವೈದ್ಯರು ಆಗ ಔಷಧದ ಹೆಸರಿಗಿಂತ ಮೊದಲು ಹೇಳಬೇಕಾದದ್ದು “ಹಿಂಡು ಕದಲಿಸಬೇಡ” ಎಂಬುದನ್ನು.

ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ನೆರಡಿಯ ಸಂಶಯ ಪಡಬೇಕು. ಹೊಟ್ಟೆ ಸೀಳಿ ವಿಡಿಯೋ ಕಳಿಸುವವರೂ ಇದ್ದಾರೆ. ಇದು ಪ್ರಾಣಕ್ಕೆ ಅಪಾಯ, ರೋಗ ಮನುಷ್ಯರಿಗೂ ತಗಲುತ್ತದೆ. ಹೆಣವನ್ನು ಸೀಳದೆ, ಚರ್ಮ ಸುಲಿಯದೆ, ನಾಯಿ ಹದ್ದು ಮುಟ್ಟದಂತೆ ಕಾಯ್ದು ವೈದ್ಯರನ್ನು ಕರೆಸಬೇಕು. ಅವರು ಕಿವಿಯ ನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಪರೀಕ್ಷೆಗೆ ಒಯ್ಯುತ್ತಾರೆ. ಆಮೇಲೆ ಅವರು ತೋರಿಸಿದ ಜಾಗದಲ್ಲಿ ಆರು ಅಡಿ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು.