ಮಾತಾಡುವ ಲೆಸೊ

ನೈರೋಬಿಯ ಬಿಯಾಶಾರಾ ಸ್ಟ್ರೀಟಿಗೆ ಹಿಂದೆ ಬಜಾರ್ ಸ್ಟ್ರೀಟ್ ಎಂಬ ಹೆಸರಿತ್ತು. ಸ್ವಾಹಿಲಿಯಲ್ಲಿ ಬಿಯಾಶಾರಾ ಎಂದರೂ ವ್ಯಾಪಾರವೇ. ಭಾರತ ಮೂಲದ ವರ್ತಕರು ಬೆಳೆಸಿದ ಈ ಬೀದಿಯಲ್ಲಿ ಇಂದಿಗೂ ಜೋಡಿಯಾಗಿಯೇ ಮಾರಾಟವಾಗುವ ಬಟ್ಟೆ ಕಾಂಗಾ. ಕರಾವಳಿಯವರು ಅದನ್ನು ಲೆಸೊ ಎನ್ನುತ್ತಾರೆ. ಮಸ್ಕತ್ತಿನಲ್ಲಿರುವ ನಮ್ಮವರು, ಜಂಜಿಬಾರಿನ ನಂಟಿರುವ ಒಮಾನಿ ಹೆಂಗಸರ ತಲೆಯ ಮೇಲೆ ಇದನ್ನು ನೋಡಿಯೇ ಇರುತ್ತಾರೆ.

19ನೇ ಶತಮಾನದಲ್ಲಿ ಇದನ್ನು ಮರದ ಅಚ್ಚಿನಿಂದ ಕೈಯಲ್ಲೇ ಒತ್ತುತ್ತಿದ್ದರು. ಗಿನಿ ಕೋಳಿಯ ಮೈಮೇಲಿನಂಥ ಚುಕ್ಕೆಗಳಿದ್ದವಂತೆ. ಕಾಂಗಾ ಎಂದರೆ ಆ ಕೋಳಿಯೇ. ನಮ್ಮ ಇಳಕಲ್ ಸೀರೆಗೆ ಅಂಚು, ಒಡಲು, ಸೆರಗು ಇರುವ ಹಾಗೆ ಇದಕ್ಕೂ ಸುತ್ತ ಪಿಂಡೊ, ನಡುವೆ ಮ್ಜಿ, ಅದರ ಕೆಳಗೆ ಒಂದು ಸಾಲು ಬರಹ. ಮ್ಜಿ ಎಂದರೆ ಊರು. ಅಂಚೆಂಬ ಬೇಲಿಯೊಳಗೆ ಊರು, ಎಷ್ಟು ಚೆಂದದ ಹೆಸರು!

ಬರಹ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಮೊದಲು ಅರಬಿ ಲಿಪಿಯಲ್ಲಿ, ಆಮೇಲೆ ರೋಮನ್ನಿನಲ್ಲಿ. 1887ರಿಂದ ಮೊಂಬಾಸಾದಲ್ಲಿರುವ ಕಾದರ್‌ದಿನಾ ಹಾಜಿ ಎಸ್ಸಾಕ್ ಅಂಗಡಿಯ 'ಮಾಲಿ ಯಾ ಅಬ್ದುಲ್ಲಾ' ಗುರುತು ಈಗಲೂ ಹೆಸರುವಾಸಿ. ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಗಸರು ಬಟ್ಟೆಯಿಂದ ಹೇಳುತ್ತಾರೆ: ನೆರೆಮನೆಯವಳಿಗೆ ಚುಚ್ಚುಮಾತು, ಗಂಡನಿಗೆ ಎಚ್ಚರಿಕೆ, ತಾಯಿಗೆ ಕೃತಜ್ಞತೆ. 'ಹರಾಕಾ ಹರಾಕಾ ಹೈನಾ ಬರಾಕಾ' ಎಂಬ ಗಾದೆಯನ್ನೇ ನೋಡಿ. ಅವಸರದಲ್ಲಿ ಬರಕತ್ತಿಲ್ಲ ಎಂದರೆ ನಮ್ಮ ಉತ್ತರ ಕರ್ನಾಟಕದವರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮುಂದೆ ಅಚ್ಚು ಸಮುದ್ರ ದಾಟಿತು. ಭಾರತ, ಯುರೋಪ್, ಜಪಾನಿನ ಗಿರಣಿಗಳು ಕಾಂಗಾ ಮುದ್ರಿಸಿ ಕಳಿಸತೊಡಗಿದವು. ಮರದಚ್ಚಿನ ಚಿತ್ರಗಳಿಗೆ ಹೆಸರಾದ ಜಪಾನಿನಲ್ಲಿ ಬಿಡಿಸುವವ, ಕೆತ್ತುವವ, ಒತ್ತುವವ ಬೇರೆಬೇರೆ. ಎಲ್ಲರನ್ನೂ ಕೂಡಿಸುವವನು ಪ್ರಕಾಶಕ. ಕಾಂಗಾದಲ್ಲಿ ಆ ಪ್ರಕಾಶಕನ ಜಾಗದಲ್ಲಿ ಅಂಗಡಿಯ ಸೇಠ್ ಕೂತ ಎನ್ನಬಹುದು. ಮರ ಹೋಗಿ ಯಂತ್ರ ಬಂದರೂ ಅಂಚು, ಊರು, ಮಾತು ಕದಲಲಿಲ್ಲ.

ಕದಲಿದ್ದು ಕೂಲಿ. 1990ರ ದಶಕದಲ್ಲಿ ಆಮದು ಸಡಿಲವಾಗಿ, ಮಿತುಂಬಾ ಎಂಬ ಹಳೆ ಬಟ್ಟೆಯ ಮೂಟೆಗಳು ಬಂದಿಳಿದು, ಕೆನ್ಯಾದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಲ್ಡೊರೆಟ್ಟಿನ ರಿವಾಟೆಕ್ಸನ್ನು 2007ರಲ್ಲಿ ಮೋಯಿ ವಿಶ್ವವಿದ್ಯಾಲಯ ಕೊಂಡಿತು. ಭಾರತದ ಸಾಲದ ನೆರವಿನಿಂದ ಹೊಸ ಯಂತ್ರಗಳು ಬಂದು 2019ರಲ್ಲಿ ಅದು ಮತ್ತೆ ಉದ್ಘಾಟನೆಯಾಯಿತು. ಗಿರಣಿ ಮುಚ್ಚಿದರೆ ಮನೆಯಲ್ಲಿ ಏನಾಗುತ್ತದೆಂಬುದು ದುಡಿಯಲು ಊರು ಬಿಟ್ಟ ನಮಗೆ ಗೊತ್ತು.

ನೈರೋಬಿ ಮೂಲಕ ಹೋಗುವವರು ಒಂದು ಜೋಡಿ ಕೊಳ್ಳಿ. ಕೊಳ್ಳುವ ಮುಂಚೆ ಬರಹದ ಅರ್ಥ ಕೇಳಿಕೊಳ್ಳಿ, ಅತ್ತೆಗೆ ಕೊಡುವುದಾದರೆ ಎರಡು ಸಲ ಕೇಳಿ. ಎರಡೂ ತುಂಡು ಕೂಡಿಕೊಂಡೇ ಇರುತ್ತವೆ; ಕತ್ತರಿಸಿ ಅಂಚು ಹೊಲಿಸುವುದನ್ನು ಮರೆಯಬೇಡಿ.